ಕಥೆಯ ಲೋಕಕ್ಕೊಂದು ಗ್ಲೋಬ್: ನಕ್ಷೆ ಅಂಟಿಸಬೇಡಿ, ಚೆಂಡಿನ ಮೇಲೇ ಬರೆಯಿರಿ

ಪ್ರಶ್ನೆ: ಮಗನಿಗೆ ರಾತ್ರಿ ಕಥೆ ಹೇಳುತ್ತಾ ಹೇಳುತ್ತಾ ನಾನೇ ಒಂದು ಲೋಕ ಕಟ್ಟಿಕೊಂಡಿದ್ದೇನೆ. ಮೂರು ವರ್ಷದ ಕಥೆ ಅದು. ದೊಡ್ಡ ಡ್ರಾಯಿಂಗ್ ಶೀಟಿನಲ್ಲಿ ಅದರ ನಕ್ಷೆಯೂ ಇದೆ. ಉತ್ತರಕ್ಕೆ ಹಿಮದ ಬೆಟ್ಟ, ದಕ್ಷಿಣಕ್ಕೆ ಮರಳುಗಾಡು, ನಡುವೆ ನಾಲ್ಕು ರಾಜ್ಯ, ಎರಡೂ ಕಡೆ ಸಮುದ್ರ. ಅವನ ಹತ್ತನೇ ಹುಟ್ಟುಹಬ್ಬಕ್ಕೆ ಇದನ್ನೇ ಗ್ಲೋಬ್ ಮಾಡಿ ಕೊಡುವ ಆಸೆ. ಮನೆಯಲ್ಲಿ 12 ಇಂಚಿನ ಹಳೇ ಪ್ಲಾಸ್ಟಿಕ್ ಗ್ಲೋಬ್ ಇದೆ. ನಕ್ಷೆಯನ್ನು ಪ್ರಿಂಟ್ ಹಾಕಿಸಿ ಅಂಟಿಸಿದರೆ ಸಾಕಾ, ಇಲ್ಲಾ ಬಣ್ಣದಲ್ಲೇ ಬರೆಯಬೇಕಾ? ಯಾವ ಬಣ್ಣ, ಯಾವ ವಾರ್ನಿಷ್? ನಾವಿರುವುದು ಶಿರಸಿಯಲ್ಲಿ. ಚಿತ್ರ ಬರೆಯುವುದು ಸುಮಾರಾಗಿ ಬರುತ್ತದೆ.

ಉತ್ತರ: ಅಂಟಿಸಬೇಡಿ. ಬಣ್ಣದಲ್ಲೇ ಬರೆಯಿರಿ. ಅದೂ ನಕ್ಷೆ ನೋಡಿ ಕಾಪಿ ಹೊಡೆಯುವ ಹಾಗಲ್ಲ, ಚೆಂಡು ಕೈಯಲ್ಲಿ ಹಿಡಿದು ಪೆನ್ಸಿಲಿನಲ್ಲಿ ಆ ಲೋಕವನ್ನು ಇನ್ನೊಂದು ಸಲ ಕಟ್ಟುವ ಹಾಗೆ. ಯಾಕೆ ಅಂತ ಮೊದಲು ಹೇಳುತ್ತೇನೆ, ಬಣ್ಣದ ಮಾತು ಆಮೇಲೆ. ಬಣ್ಣ ಕೆಟ್ಟರೆ ಮೇಲೊಂದು ಕೋಟ್ ಹೊಡೆದು ತಿದ್ದಬಹುದು. ಪೆನ್ಸಿಲ್ ಹಂತದಲ್ಲಿ ತಪ್ಪಿದ್ದು ಮಾತ್ರ ಕೊನೆವರೆಗೂ ಕಾಡುತ್ತದೆ.

ಒಂದು ಮೋಸಂಬಿಗೆ ನ್ಯೂಸ್‌ಪೇಪರ್ ತುಂಡು ಸುತ್ತಿ ನೋಡಿ. ನಡುವೆ ಸಪಾಟಾಗಿ ಕೂರುತ್ತದೆ, ಮೇಲೆ ಕೆಳಗೆ ಸೀರೆ ನೆರಿಗೆಯ ಹಾಗೆ ಗುಡ್ಡೆ ಬೀಳುತ್ತದೆ. ಆ ನೆರಿಗೆ ತಪ್ಪಿಸಲೆಂದೇ ಗ್ಲೋಬ್ ಮಾಡುವವರು ನಕ್ಷೆಯನ್ನು ಎರಡೂ ತುದಿ ಚೂಪಾದ ಉದ್ದುದ್ದ ಪಟ್ಟಿಗಳಾಗಿ ಅಚ್ಚು ಹಾಕುತ್ತಿದ್ದರು. 1507ರಲ್ಲಿ ಜರ್ಮನಿಯ ನಕ್ಷೆಗಾರ ವಾಲ್ಡ್‌ಸೀಮುಲ್ಲರ್ ಅಚ್ಚು ಹಾಕಿಸಿದ ಪುಟ್ಟ ಗ್ಲೋಬಿಗೂ ಇಂಥ 12 ಪಟ್ಟಿ. ಕೇಳೋಕೆ ಸುಲಭ ಅನ್ನಿಸುತ್ತದೆ. ಆದರೆ ಅಂಟು ಕುಡಿದ ಕಾಗದ ಹಿಗ್ಗುತ್ತದೆ. ಒಂದೊಂದು ಪಟ್ಟಿಯಲ್ಲಿ ಬರೀ ಅರ್ಧ ಮಿ.ಮೀ. ತಪ್ಪಿದರೂ ಹನ್ನೆರಡನೆಯದು ಬಂದು ಮೊದಲನೆಯದನ್ನು ಮುಟ್ಟುವ ಹೊತ್ತಿಗೆ 6 ಮಿ.ಮೀ. ಎಡವಟ್ಟು. ಅದಕ್ಕೂ ಮೊದಲು ನಿಮ್ಮ ನಕ್ಷೆಯನ್ನು ಕಂಪ್ಯೂಟರಿನಲ್ಲಿ ಆ ಆಕಾರಕ್ಕೆ ತಿರುಚಬೇಕು. ಒಂದು ಹುಟ್ಟುಹಬ್ಬದ ಉಡುಗೊರೆಗೆ ಇದೆಲ್ಲ ಬೇಡ.

ಕೈಯಲ್ಲಿ ಬರೆಯುವುದು ಅದಕ್ಕಿಂತ ಹಳೆಯ ದಾರಿ ಕೂಡ. ಈಗ ಉಳಿದಿರುವ ಭೂಮಿಯ ಗ್ಲೋಬುಗಳಲ್ಲಿ ಎಲ್ಲಕ್ಕಿಂತ ಹಳೆಯದು ಜರ್ಮನಿಯ ನ್ಯೂರೆಂಬರ್ಗಿನಲ್ಲಿದೆ. ಮಾರ್ಟಿನ್ ಬೆಹೈಮ್ 1490ರಿಂದ 1492ರ ನಡುವೆ ಮಾಡಿಸಿದ್ದು, ಸುಮಾರು 51 ಸೆಂ.ಮೀ. ವ್ಯಾಸ. ಅದನ್ನು ಕರೆಯುವುದು 'ಭೂಮಿಯ ಸೇಬು' ಅಂತ. ಬಣ್ಣದಲ್ಲಿ ನಕ್ಷೆ ಬರೆದದ್ದು ಗ್ಲೋಕೆನ್‌ಡನ್ ಎಂಬ ಚಿತ್ರಗಾರ. ಕೊಲಂಬಸ್ ವಾಪಸ್ ಬರುವ ಮೊದಲಿನದಾದ್ದರಿಂದ ಅದರಲ್ಲಿ ಅಮೆರಿಕ ಇಲ್ಲ. ಯುರೋಪಿಗೂ ಏಷ್ಯಾಕ್ಕೂ ನಡುವಿನ ಸಮುದ್ರದಲ್ಲಿ ದಂತಕಥೆಯಲ್ಲಿ ಮಾತ್ರ ಇದ್ದ ಸೇಂಟ್ ಬ್ರೆಂಡನ್ ದ್ವೀಪ ಇದೆ. ನೀವು ಮಾಡಲು ಹೊರಟಿರುವುದೂ ಹೆಚ್ಚುಕಮ್ಮಿ ಅದೇ ಬಿಡಿ.

ಈಗ ಅಸಲಿ ವಿಷಯ. ನಿಮ್ಮ ನಕ್ಷೆ ಲೋಕದ ನಕ್ಷೆ ಅಲ್ಲ. ಲೋಕದ ಒಂದು ಮೂಲೆಯ ನಕ್ಷೆ. ಭೂಮಿಯ ದೊಡ್ಡ ಮರಳುಗಾಡುಗಳು, ಅಂದರೆ ಸಹಾರಾ, ಅರೇಬಿಯಾ, ಕಲಹಾರಿ, ಆಸ್ಟ್ರೇಲಿಯಾದ್ದು, ಎಲ್ಲ 20ರಿಂದ 30 ಡಿಗ್ರಿ ಅಕ್ಷಾಂಶದ ಆಸುಪಾಸಿನಲ್ಲಿವೆ. ಸುಮ್ನೆ ಲೆಕ್ಕಕ್ಕೆ ನಿಮ್ಮ ಮರಳುಗಾಡಿನ ಕೆಳಗಿನ ಅಂಚನ್ನು 20 ಡಿಗ್ರಿಗೆ ಇಡೋಣ, ಹಿಮದ ಬೆಟ್ಟದ ಮೇಲಿನ ಅಂಚನ್ನು 70ಕ್ಕೆ. ಅಗಲಕ್ಕೆ ಧಾರಾಳವಾಗಿ ಚೆಂಡಿನ ಸುತ್ತಿನಲ್ಲಿ ಕಾಲು ಭಾಗ ಕೊಟ್ಟುಬಿಡೋಣ. ಇಷ್ಟೆಲ್ಲ ಕೊಟ್ಟರೂ ನಿಮ್ಮ ನಾಲ್ಕು ರಾಜ್ಯ, ಬೆಟ್ಟ, ಮರಳು ಎಲ್ಲ ಸೇರಿ ಗೋಳದ ಮೇಲ್ಮೈಯಲ್ಲಿ ನೂರಕ್ಕೆ ಎಂಟು ಪಾಲೂ ಆಗುವುದಿಲ್ಲ! ಉಳಿದ 92 ಪಾಲು ಖಾಲಿ. ಹುಡುಗ ಗ್ಲೋಬ್ ಕೈಗೆ ಬಂದ ತಕ್ಷಣ ಏನು ಮಾಡುತ್ತಾನೆ ಹೇಳಿ? ಗಿರ್ರಂತ ತಿರುಗಿಸುತ್ತಾನೆ. ಅವನಿಗೆ ಮೊದಲು ಕಾಣುವುದೇ ಆ ಹಿಂಭಾಗ.

ಅಳತೆಯದ್ದು ಇನ್ನೊಂದು ತಲೆನೋವು. ನಿಮ್ಮ ಲೋಕ ಭೂಮಿಯಷ್ಟೇ ದೊಡ್ಡದು ಅಂದುಕೊಂಡರೆ, 30 ಸೆಂ.ಮೀ. ಗ್ಲೋಬಿನಲ್ಲಿ 1 ಸೆಂ.ಮೀ. ಅಂದರೆ ಸುಮಾರು 425 ಕಿ.ಮೀ. ನಮ್ಮ ಕರ್ನಾಟಕ ಬೀದರಿನಿಂದ ಚಾಮರಾಜನಗರದವರೆಗೆ ಒಂದೂಮುಕ್ಕಾಲು ಸೆಂ.ಮೀ. ಬರುತ್ತದೆ, ಹೆಬ್ಬೆರಳಿನ ಉಗುರಿನಷ್ಟು. ಕಥೆಯಲ್ಲಿ ರಾಜಕುಮಾರ ಕುದುರೆ ಹತ್ತಿ ದಿನಕ್ಕೆ 40 ಕಿ.ಮೀ. ಹೋದರೆ ಗ್ಲೋಬಿನ ಮೇಲೆ ಅದು 1 ಮಿ.ಮೀ. ಹತ್ತು ದಿನ ಹಗಲೂ ರಾತ್ರಿ ಪ್ರಯಾಣ ಅಂತ ನೀವು ಮೂರು ವಾರ ಎಳೆದ ಕಥೆ ಒಂದು ಸೆಂ.ಮೀ.ನಲ್ಲಿ ಮುಗಿದುಹೋಗುತ್ತದೆ. ಇದಕ್ಕೆ ನನ್ನ ಉಪಾಯ, ಲೋಕವನ್ನೇ ಚಿಕ್ಕದು ಮಾಡಿ. 3,000 ಕಿ.ಮೀ. ವ್ಯಾಸ ಇಟ್ಟುಕೊಳ್ಳಿ, ನಮ್ಮ ಚಂದ್ರನಿಗಿಂತ ಸ್ವಲ್ಪ ಸಣ್ಣದು. ಆಗ 1 ಸೆಂ.ಮೀ.ಗೆ 100 ಕಿ.ಮೀ. ಲೆಕ್ಕವೂ ಸಲೀಸು, ನಾಲ್ಕು ರಾಜ್ಯಗಳೂ ಕಣ್ಣಿಗೆ ಕಾಣುವಷ್ಟು ದೊಡ್ಡದಾಗುತ್ತವೆ. ಅಷ್ಟು ಸಣ್ಣ ಲೋಕದಲ್ಲಿ ಜನ ಹಾರಿ ಹೋಗಲ್ವಾ ಅಂತ ಮಗ ಕೇಳಿದರೆ ಉತ್ತರ ನಿಮ್ಮದು.

ಖಾಲಿ ಜಾಗಕ್ಕೆ ಏನು ತುಂಬಿಸುವುದು? ನಮ್ಮ ಹಿರಿಯರಿಗೂ ಇದೇ ಪೇಚು ಎದುರಾಗಿತ್ತು. ಪುರಾಣದ ಲೋಕ ತಟ್ಟೆಯ ಹಾಗೆ ಚಪ್ಪಟೆ. ನಡುವೆ ಜಂಬೂದ್ವೀಪ, ಸುತ್ತ ಒಂದರಾಚೆ ಒಂದು ಉಪ್ಪಿನ ಸಮುದ್ರ, ಕಬ್ಬಿನ ಹಾಲಿನ ಸಮುದ್ರ, ಸುರೆ, ತುಪ್ಪ, ಮೊಸರು, ಹಾಲು, ಸಿಹಿನೀರು. ಜ್ಯೋತಿಷಿಗಳಿಗೆ ಭೂಮಿ ಗುಂಡಗಿದೆ ಅಂತ ಗೊತ್ತು. ಎರಡನ್ನೂ ಹೊಂದಿಸಬೇಕಲ್ಲ? 12ನೇ ಶತಮಾನದ ಭಾಸ್ಕರಾಚಾರ್ಯರ ಗೋಲಾಧ್ಯಾಯದಲ್ಲಿ ಉತ್ತರದ ಅರ್ಧ ಪೂರ್ತಿ ಜಂಬೂದ್ವೀಪಕ್ಕೆ, ನಡುವಿಗೆ ಉಪ್ಪಿನ ಸಮುದ್ರ, ಉಳಿದ ದ್ವೀಪ ಸಮುದ್ರಗಳೆಲ್ಲ ದಕ್ಷಿಣದ ಅರ್ಧಕ್ಕೆ ಬರುತ್ತವೆ. ಕ್ಷೇಮಕರ್ಣ ಎಂಬಾತ 1571ರಲ್ಲಿ ಪುರಾಣದ ಈ ಲೋಕವನ್ನೇ ಹಿತ್ತಾಳೆಯ ಚೆಂಡಿನ ಮೇಲೆ ಕೆತ್ತಿದ್ದಾನೆ. ಈಗ ಅದು ಆಕ್ಸ್‌ಫರ್ಡಿನ ಮ್ಯೂಸಿಯಮಿನಲ್ಲಿದೆ. ನೀವೂ ಹಾಗೇ ಮಾಡಬಹುದು. ಗೊತ್ತಿರುವ ಸೀಮೆ ಒಂದು ಅರ್ಧದಲ್ಲಿ, ಇನ್ನೊಂದು ಅರ್ಧ ಮಗನ ಜೊತೆ ಕೂತು ಮಾತಾಡಿ ಕಟ್ಟಿದ್ದು. ಮೊಸರಿನ ಸಮುದ್ರ ಅಂದರೆ ಯಾವ ಹತ್ತು ವರ್ಷದ ಹುಡುಗ ಬೇಡ ಅಂತಾನೆ? ಹಾಗಂತ ಎಲ್ಲ ಕಡೆ ನೆಲ ತುಂಬಿಸಬೇಡಿ. ದೊಡ್ಡ ಸಮುದ್ರ ಒಂದಿರಲಿ. ಹಳೇ ಗ್ಲೋಬುಗಳಲ್ಲಿ ಮಾಡಿದವರ ಹೆಸರು, ಇಸವಿ, ದಿಕ್ಕು ತೋರಿಸುವ ಚಕ್ರ ಎಲ್ಲ ಇರುವುದು ಇಂಥ ಖಾಲಿ ಸಮುದ್ರದಲ್ಲೇ.

ಇನ್ನು ಕೆಲಸಕ್ಕೆ ಇಳಿಯೋಣ. ಗ್ಲೋಬನ್ನು ಪಾತ್ರೆ ತೊಳೆಯುವ ಸೋಪಿನಲ್ಲಿ ತೊಳೆದು ಒಣಗಿಸಿ. ಮೇಲಿನ ಹೊಳಪು ಹೋಗುವವರೆಗೆ 220 ನಂಬರಿನ ಸ್ಯಾಂಡ್ ಪೇಪರಿನಲ್ಲಿ ಉಜ್ಜಿ. ಹೊಳೆಯುವ ಪ್ಲಾಸ್ಟಿಕ್ ಮೇಲೆ ಬಣ್ಣ ನಿಲ್ಲುವುದಿಲ್ಲ, ಉಗುರು ತಾಗಿದರೆ ಸಿಪ್ಪೆಯ ಹಾಗೆ ಏಳುತ್ತದೆ. ನಡುವಿನ ಜೋಡಣೆಯ ಗೆರೆ ಎದ್ದು ಕಾಣುತ್ತಿದ್ದರೆ ಅಲ್ಲಿ ಸ್ವಲ್ಪ ಪುಟ್ಟಿ ತುಂಬಿ ಉಜ್ಜಿ. ಆಮೇಲೆ ಪ್ಲಾಸ್ಟಿಕ್‌ಗೆ ಅಂತ ಸಿಗುವ ಪ್ರೈಮರ್ ಒಂದು ಕೋಟ್. ಅದರ ಮೇಲೆ ಬಿಳಿ ಗೆಸ್ಸೊ (ಬಣ್ಣ ಹಿಡಿಯಲೆಂದು ಚಿತ್ರಗಾರರು ಮೊದಲು ಬಳಿಯುವ ಅಸ್ತರು) ಮೂರು ಕೋಟ್, ತೆಳ್ಳಗೆ, ಒಂದೊಂದು ಒಣಗಿದ ಮೇಲೆ 400 ನಂಬರಿನಲ್ಲಿ ಹಗುರಾಗಿ ಉಜ್ಜಿ. ಕೆಳಗಿನ ಇಂಡಿಯಾ, ಆಫ್ರಿಕಾ ಇಣುಕುತ್ತಿದ್ದರೆ ಇನ್ನೊಂದು ಕೋಟ್. ಬೇರೆ ಯಾರಾದರೂ ಥರ್ಮೋಕೋಲ್ ಚೆಂಡಿನಲ್ಲಿ ಮಾಡುವುದಾದರೆ ಒಂದು ಎಚ್ಚರಿಕೆ: ಅದಕ್ಕೆ ನೇರವಾಗಿ ಸ್ಪ್ರೇ ಬಣ್ಣ ಹೊಡೆಯಬೇಡಿ, ಥರ್ಮೋಕೋಲ್ ಕರಗಿ ಗುಂಡಿ ಬೀಳುತ್ತದೆ. ಮೊದಲು ಕಾಗದದ ಚೂರುಗಳನ್ನು ಫೆವಿಕಾಲಿನಲ್ಲಿ ಎರಡು ಪದರ ಅಂಟಿಸಿಕೊಳ್ಳಬೇಕು.

ಬಣ್ಣ ಬಳಿದ ಚೆಂಡನ್ನು ಎಲ್ಲಿ ಇಡುವುದು? ಎಲ್ಲರೂ ಎಡವುವುದು ಇಲ್ಲೇ. ನನ್ನ ಮೊದಲ ಗ್ಲೋಬನ್ನು ಒಣಗಿದೆ ಅಂದುಕೊಂಡು ಸ್ಟೀಲ್ ಬಟ್ಟಲಿನ ಮೇಲೆ ಇಟ್ಟು ಮಲಗಿದೆ. ಬೆಳಿಗ್ಗೆ ಎದ್ದು ನೋಡಿದರೆ ದಕ್ಷಿಣ ಸಮುದ್ರದಲ್ಲಿ ಬಟ್ಟಲಿನ ಅಂಚಿನಷ್ಟೇ ದುಂಡಗಿನ ಒಂದು ಉಂಗುರ. ಅದನ್ನು ಹವಳದ ದಿಬ್ಬ ಅಂತ ಮಾಡಿ ಬಚಾವಾದೆ. ಕೊಡ ಹೊರುವಾಗ ತಲೆ ಮೇಲೆ ಇಡುವ ಸಿಂಬೆ ಗೊತ್ತಲ್ಲ, ಹಳೇ ಟವೆಲ್ ಸುತ್ತಿ ಅಂಥದ್ದೊಂದು ಮಾಡಿಕೊಳ್ಳಿ. ಬರೆಯುವಾಗ ಚೆಂಡು ಅದರಲ್ಲಿ ಕೂರಲಿ. ಒದ್ದೆ ಇರುವಾಗ ಮಾತ್ರ ಗ್ಲೋಬಿನ ತೂತಿನಲ್ಲಿ ಕಡ್ಡಿ ತೂರಿಸಿ ಎರಡು ಡಬ್ಬಿಗಳ ನಡುವೆ ತೂಗು ಹಾಕಿ.

ಈಗ ಗೆರೆಗಳು. ಪೇಪರ್ ಪಟ್ಟಿಯನ್ನು ಹೊಟ್ಟೆಯ ಸುತ್ತ ಸುತ್ತಿ ಅಳತೆ ತೆಗೆಯಿರಿ. 30 ಸೆಂ.ಮೀ. ಚೆಂಡಿಗೆ 94.2 ಸೆಂ.ಮೀ. ಬರಬೇಕು. ನಿಮ್ಮದು ಸರಿಯಾಗಿ 12 ಇಂಚೇ ಆಗಿದ್ದರೆ ಒಂದೂವರೆ ಸೆಂ.ಮೀ. ಜಾಸ್ತಿ ಬಂದೀತು. ಅದನ್ನು 12 ಪಾಲು ಮಾಡಿ, ಒಂದೊಂದು 7.85. ಇನ್ನೊಂದು ಪಟ್ಟಿಯನ್ನು ಧ್ರುವದಿಂದ ಸಮಭಾಜಕ ವೃತ್ತಕ್ಕೆ ಹಿಡಿದು 6 ಪಾಲು ಮಾಡಿ. ರೇಖಾಂಶಗಳನ್ನು ಆ ಪಟ್ಟಿಯ ಅಂಚು ಹಿಡಿದೇ ಎಳೆಯಬಹುದು. ಅಕ್ಷಾಂಶಕ್ಕೆ ಇನ್ನೂ ಸುಲಭದ ಉಪಾಯ ಇದೆ: ಗ್ಲೋಬನ್ನು ಅದರ ಸ್ಟ್ಯಾಂಡಿಗೇ ಹಾಕಿ, ಪಕ್ಕದಲ್ಲಿ ಪುಸ್ತಕಗಳ ಗುಡ್ಡೆ ಮಾಡಿ, ಮೇಲೆ ಪೆನ್ಸಿಲ್ ಒತ್ತಿ ಹಿಡಿದು ಮೊನೆ ಗುರುತಿಗೆ ತಾಗಿಸಿ. ಕೈ ಅಲ್ಲಾಡಿಸಬೇಡಿ, ಗ್ಲೋಬನ್ನು ಮಾತ್ರ ನಿಧಾನವಾಗಿ ತಿರುಗಿಸಿ. ಒಂದು ಸುತ್ತು ಬಂದು ಗೆರೆ ತನ್ನ ಬಾಲವನ್ನೇ ಬಂದು ಮುಟ್ಟುತ್ತದೆ. ಇದನ್ನು ಮಗನ ಕೈಯಲ್ಲಿ ಮಾಡಿಸಬಹುದಿತ್ತು, ಆದರೆ ಉಡುಗೊರೆ ಅಂದಿರಿ.

ಇಷ್ಟಾದ ಮೇಲೆ ನಕ್ಷೆ ತೆಗೆಯಿರಿ. ನಿಮ್ಮ ಶೀಟಿನ ಮೇಲಿನ ಅಂಚೂ ಕೆಳಗಿನ ಅಂಚೂ ಒಂದೇ ಉದ್ದ. ಚೆಂಡಿನ ಮೇಲೆ ಹಾಗಿರುವುದಿಲ್ಲ. ಕಾಲು ಸುತ್ತಿನ ಅಗಲ 20 ಡಿಗ್ರಿಯಲ್ಲಿ 22 ಸೆಂ.ಮೀ. ಇದ್ದರೆ, 60ರಲ್ಲಿ 12ಕ್ಕೆ ಇಳಿಯುತ್ತದೆ, 70ರಲ್ಲಿ ಬರೀ 8. ಹಿಮದ ಬೆಟ್ಟಗಳನ್ನು ಆ 8 ಸೆಂ.ಮೀ.ಗೆ ತುರುಕಿದರೆ ಸಂತೆಯಲ್ಲಿ ನಿಂತ ಹಾಗೆ ಕಾಣುತ್ತವೆ. ತುರುಕಬೇಡಿ. ಉತ್ತರದ ಸೀಮೆಯನ್ನು ಗೆರೆ ದಾಟಿ ಎರಡೂ ಕಡೆ ಹರಡಲು ಬಿಡಿ. ಊರಿಂದ ಊರಿಗೆ ಇರುವ ದೂರ ಕಾಪಾಡಿಕೊಳ್ಳಿ, ನಕ್ಷೆಯ ಅಂಚು ಎಲ್ಲಿ ಬೀಳುತ್ತದೆ ಅನ್ನುವುದನ್ನು ಮರೆತುಬಿಡಿ. ಚೆಂಡಿಗೆ ಅಂಚೇ ಇಲ್ಲ. ನಿಮ್ಮ ಪೂರ್ವ ಸಮುದ್ರ ಪಶ್ಚಿಮ ಸಮುದ್ರ ಎರಡೂ ಹಿಂದೆ ಹೋಗಿ ಒಂದೇ ಆಗುತ್ತವೆ. ಕಥೆಯಲ್ಲಿ ಅವೆರಡೂ ಬೇರೆ ಬೇರೆ ಅಂತ ಹೇಳಿದ್ದರೆ ನಡುವೆ ಒಂದು ಖಂಡ ಹುಟ್ಟಿಸಲೇಬೇಕು.

ಮಲೆನಾಡಿನವರಿಗೆ ನದಿ, ಮಳೆ ಬಗ್ಗೆ ಹೇಳಿಕೊಡಬೇಕಾಗಿಲ್ಲ, ಆದರೂ ನಕ್ಷೆ ಬರೆಯುವಾಗ ಎಲ್ಲರೂ ಮರೆಯುತ್ತಾರೆ. ನಿಮ್ಮ ಶಿರಸಿಯಲ್ಲೇ ಹುಟ್ಟುವ ಅಘನಾಶಿನಿ ಪಶ್ಚಿಮಕ್ಕೆ ಇಳಿದು ಕುಮಟಾ ಹತ್ತಿರ ಸಮುದ್ರ ಸೇರುತ್ತಾಳೆ. ಪಕ್ಕದ ಸಾಗರ ತಾಲ್ಲೂಕಿನಲ್ಲಿ ಹುಟ್ಟುವ ವರದೆ ಬನವಾಸಿ ಸುತ್ತಿ ಪೂರ್ವಕ್ಕೆ ಹೋಗಿ ತುಂಗಭದ್ರೆ ಸೇರುತ್ತಾಳೆ, ಆ ನೀರು ಕೃಷ್ಣೆಯ ಜೊತೆ ಕೊನೆಗೆ ಬಂಗಾಳ ಕೊಲ್ಲಿಗೆ. ಬೆಟ್ಟದ ಸಾಲು ಅಂದರೆ ಇದು: ಒಂದು ಕಡೆ ಗಿಡ್ಡ, ಕಡಿದಾದ ನದಿಗಳು, ಇನ್ನೊಂದು ಕಡೆ ಉದ್ದ, ಸೋಮಾರಿ ನದಿಗಳು. ಉಪನದಿಗಳು ಬಂದು ಸೇರುತ್ತವೆ, ನಡುದಾರಿಯಲ್ಲಿ ಕವಲೊಡೆದು ಎರಡು ಸಮುದ್ರಕ್ಕೆ ಹೋಗುವುದಿಲ್ಲ. ಗಾಳಿ ಯಾವ ಕಡೆಯಿಂದ ಬೀಸುತ್ತದೋ ಆ ಕಡೆ ಹಸಿರು, ಬೆಟ್ಟದ ಬೆನ್ನಿಗೆ ಬಯಲು. ಶಿರಸಿಯಿಂದ ಹಾನಗಲ್ ದಾಟಿ ಹಾವೇರಿ ಮುಟ್ಟುವುದರೊಳಗೆ ಬಸ್ಸಿನ ಕಿಟಕಿಯಲ್ಲಿ ಬಣ್ಣ ಬದಲಾಗುತ್ತದಲ್ವಾ, ಅದನ್ನೇ ಕುಂಚದಲ್ಲಿ ಮಾಡಿ.

ಬಣ್ಣ ಅಕ್ರಿಲಿಕ್. ಕ್ಯಾಮೆಲ್, ಫೆವಿಕ್ರಿಲ್, ಯಾವುದು ಸಿಕ್ಕರೂ ನಡೆಯುತ್ತದೆ. ಪೂರ್ತಿ ಚೆಂಡಿನ ಮೇಲ್ಮೈ ನಾಲ್ಕೂವರೆ ಎ4 ಹಾಳೆಯಷ್ಟು, ಹಾಗಾಗಿ ತುಂಬಾ ಬೇಕಾಗಲ್ಲ. ಮೊದಲು ಸಮುದ್ರ. ಟ್ಯೂಬಿನ ನೀಲಿಯನ್ನು ಹಾಗೇ ಬಳಿದರೆ ಬಕೆಟ್ ಥರ ಕಾಣುತ್ತದೆ. ಅಲ್ಟ್ರಾಮರೀನ್‌ಗೆ ಚಿಟಿಕೆ ಬರ್ಂಟ್ ಅಂಬರ್ (ಕಡು ಕಂದು), ಸ್ವಲ್ಪ ಬಿಳಿ ಸೇರಿಸಿ. ಎರಡು ಕೋಟಿಗೆ ಬೇಕಾದಷ್ಟನ್ನು ಒಂದೇ ಸಲ ಕಲಸಿ ಗಾಳಿಯಾಡದ ಡಬ್ಬಿಯಲ್ಲಿ ಇಟ್ಟುಕೊಳ್ಳಿ. ಅಕ್ರಿಲಿಕ್ ಒಣಗಿದ ಮೇಲೆ ಸ್ವಲ್ಪ ಕಪ್ಪಾಗುತ್ತದೆ, ಮಾರನೇ ದಿನ ಅದೇ ನೀಲಿಯನ್ನು ಮತ್ತೆ ಕಲಸಲು ನನಗಂತೂ ಇವತ್ತಿನವರೆಗೆ ಆಗಿಲ್ಲ. ದಡದ ಹತ್ತಿರ ತಿಳಿ ಬಣ್ಣವನ್ನು ಸ್ಪಂಜಿನ ಚೂರಿನಲ್ಲಿ ತಟ್ಟಿ, ಕುಂಚದ ಗೆರೆ ಬೀಳುವುದಿಲ್ಲ. ನೆಲಕ್ಕೆ ಮೊದಲು ಎಲ್ಲ ಕಡೆ ತೆಳು ಹಳದಿ ಮಣ್ಣಿನ ಬಣ್ಣ, ಅದರ ಮೇಲೆ ನೀರಾಗಿ ಕಲಸಿದ ಹಸಿರು, ಕಂದು ಪದರ ಪದರವಾಗಿ. ಹಸಿರಿಗೂ ಇದೇ ಮಾತು, ಒಂದು ಚೂರು ಕೆಂಪು ಬೆರೆಸಿದರೆ ಮಾತ್ರ ಅದು ಕಾಡಿನ ಹಸಿರು.

ಬೆಟ್ಟಗಳನ್ನು ಉಬ್ಬಿಸಬೇಕಾ ಅಂತ ಮುಂದಿನ ಪ್ರಶ್ನೆ ಬರುತ್ತದೆ, ಈಗಲೇ ಹೇಳಿಬಿಡುತ್ತೇನೆ. ಭೂಮಿಯನ್ನು 30 ಸೆಂ.ಮೀ. ಚೆಂಡು ಮಾಡಿದರೆ ಎವರೆಸ್ಟ್ ಬರೀ 0.2 ಮಿ.ಮೀ. ಎತ್ತರ. ಒಂದು ಕೋಟ್ ಗೆಸ್ಸೊ ದಪ್ಪ ಆದರೆ ಅದೇ ಎವರೆಸ್ಟ್. ಪುಟ್ಟಿ ಗುಡ್ಡೆ ಮಾಡಿದವರ ಗ್ಲೋಬು ಮೊಡವೆ ಎದ್ದ ಮುಖದ ಹಾಗೆ ಕಾಣುತ್ತದೆ, ಆಡುವಾಗ ಉದುರುತ್ತದೆ ಬೇರೆ. ಬೆರಳಿಗೆ ತಾಗಲಿ ಅಂತ ಆಸೆ ಇದ್ದರೆ ಮೈಸೂರು ಶೈಲಿಯ ಚಿತ್ರದಲ್ಲಿ ಒಡವೆಯನ್ನು ಉಬ್ಬಿಸುತ್ತಾರಲ್ಲ, ಅಷ್ಟೇ ಹಗುರಾಗಿ ಗೆಸ್ಸೊ ಹನಿಗಳನ್ನು ಸಾಲಾಗಿ ಇಡಿ. ಇಲ್ಲದಿದ್ದರೆ ನೆರಳು ಸಾಕು. ಬೆಳಕು ಯಾವಾಗಲೂ ಎಡ ಮೇಲಿನಿಂದ ಬರುತ್ತಿದೆ ಅಂದುಕೊಂಡು ಪ್ರತಿ ಬೆಟ್ಟದ ಬಲಕ್ಕೆ ಕಂದು ನೆರಳು ಎಳೆಯಿರಿ. ಚೆಂಡು ತಿರುಗಿಸುತ್ತಾ ತಲೆಕೆಳಗಾಗಿ ಹಿಡಿದು ಬರೆದರೆ ನೆರಳು ಉಲ್ಟಾ ಆಗಿ ಬೆಟ್ಟ ಹೋಗಿ ಹಳ್ಳ ಆಗುತ್ತದೆ, ನೋಡಿಕೊಳ್ಳಿ.

ಹೆಸರು ಬರೆಯುವುದು ಎಲ್ಲಕ್ಕಿಂತ ಕಷ್ಟ, ಅದರಲ್ಲೂ ಕನ್ನಡದಲ್ಲಿ. ಇಂಗ್ಲಿಷ್ ಅಕ್ಷರ ಒಂದು ಗೆರೆಯಲ್ಲಿ ಮುಗಿಯುತ್ತದೆ. ನಮ್ಮದಕ್ಕೆ ಮೇಲೆ ತಲೆಕಟ್ಟು, ಗುಡಿಸು, ಕೆಳಗೆ ಒತ್ತು. 'ಸ್ವರ್ಣಶೃಂಗ' ಅಂತ 2 ಮಿ.ಮೀ. ಎತ್ತರದಲ್ಲಿ ಬರೆಯಲು ಹೋದರೆ ಒತ್ತು, ವಟ್ರಸುಳಿ, ಅರ್ಕಾವತ್ತು ಎಲ್ಲ ಸೇರಿ ಇರುವೆ ಸತ್ತ ಹಾಗೆ ಒಂದು ಚುಕ್ಕೆ. ಅದೇ ಬೆಟ್ಟವನ್ನು 'ಹೊನಗೋಡು' ಅಂತ ಕರೆಯಿರಿ, ದೂರದಿಂದಲೂ ಓದಬಹುದು. ಸಣ್ಣ ಊರುಗಳಿಗೆ ಒತ್ತಕ್ಷರ ಇಲ್ಲದ ಮೂರು ನಾಲ್ಕು ಅಕ್ಷರದ ಹೆಸರೇ ಇರಲಿ. ನಮ್ಮ ಊರಿನ ಹೆಸರುಗಳಲ್ಲಿ ಊರು, ಕೆರೆ, ಗೋಡು, ಮನೆ, ಕಾಡು, ಸರ ಎಷ್ಟೊಂದು ಬಾಲಗಳಿವೆ, ಮುಂದೆ ಏನಾದರೂ ಸೇರಿಸಿದರೆ ಒಂದು ಹೊಸ ಊರು. ಸಂಸ್ಕೃತದ ಭಾರೀ ಹೆಸರು ಇಡಲೇಬೇಕು ಅಂದರೆ ಸಮುದ್ರಕ್ಕೆ, ಖಂಡಕ್ಕೆ ಇಡಿ, ಅಲ್ಲಿ ಜಾಗ ಇದೆ. ಎಲ್ಲ ಹೆಸರೂ ಅಕ್ಷಾಂಶದ ಗೆರೆ ಹಿಡಿದು ಸಾಗಲಿ. ಮೊದಲು ಬಟರ್ ಪೇಪರಿನಲ್ಲಿ ಬರೆದು ಕತ್ತರಿಸಿ, ಚೆಂಡಿನ ಮೇಲೆ ಇಟ್ಟು ಜಾಗ ನೋಡಿ, ಹಿಂಬದಿಗೆ ಪೆನ್ಸಿಲ್ ಉಜ್ಜಿ ಅಚ್ಚು ಇಳಿಸಿ. ಆಮೇಲೆ 0.3ರ ಪಿಗ್ಮೆಂಟ್ ಪೆನ್ ಅಥವಾ ಮೂರು ಸೊನ್ನೆಯ ಕುಂಚ. ಬಾಲ್ ಪೆನ್ ಬೇಡ. ಯಾವ ಪೆನ್ ಆದರೂ ಒಂದು ಪ್ಲಾಸ್ಟಿಕ್ ಡಬ್ಬಿಯ ಮುಚ್ಚಳಕ್ಕೆ ಗೆಸ್ಸೊ, ಬಣ್ಣ, ಹೆಸರು, ವಾರ್ನಿಷ್ ಎಲ್ಲ ಹಚ್ಚಿ ಪರೀಕ್ಷೆ ಮಾಡಿ. ವಾರ್ನಿಷ್ ತಾಗಿ ಶಾಯಿ ಹರಡುವುದಿದ್ದರೆ ಮುಚ್ಚಳದ ಮೇಲೇ ಹರಡಲಿ.

ಕೊನೆಗೆ ವಾರ್ನಿಷ್. ಮನೆಯಲ್ಲಿ ಬಾಗಿಲಿಗೆ ಹೊಡೆದು ಉಳಿದ ಎಣ್ಣೆ ವಾರ್ನಿಷ್ ಇದ್ದರೆ ಅಲ್ಲೇ ಇರಲಿ. ನಾನೊಮ್ಮೆ ಅದನ್ನೇ ಹಚ್ಚಿದ್ದೆ. ಆ ದಿನ ಫಳಫಳ ಹೊಳೆಯಿತು. ಎರಡು ವರ್ಷದಲ್ಲಿ ವಾರ್ನಿಷ್ ಹಳದಿಗೆ ತಿರುಗಿ, ನೀಲಿ ಸಮುದ್ರ ಪಾಚಿಗಟ್ಟಿದ ಕೆರೆ ಆಯಿತು. ಅಕ್ರಿಲಿಕ್ ವಾರ್ನಿಷ್ ತನ್ನಿ, ನೀರಿನದ್ದು, ಮ್ಯಾಟ್ ಅಥವಾ ಸ್ಯಾಟಿನ್. ಹೊಳಪು ಜಾಸ್ತಿಯಾದರೆ ದುಂಡನೆಯ ಮೇಲ್ಮೈಯಲ್ಲಿ ಟ್ಯೂಬ್‌ಲೈಟೇ ಕಾಣುತ್ತದೆ, ಊರು ಕಾಣುವುದಿಲ್ಲ. ಬಣ್ಣ ಮುಗಿದು ಒಂದು ವಾರ ಬಿಟ್ಟು ತೆಳ್ಳಗೆ ಎರಡು ಕೋಟ್. ಶಿರಸಿ ಮಳೆಗಾಲದಲ್ಲಿ ಮಾತ್ರ ಈ ಕೆಲಸಕ್ಕೆ ಕೈ ಹಾಕಬೇಡಿ. ತೇವದ ಗಾಳಿಯಲ್ಲಿ ಹಚ್ಚಿದ ವಾರ್ನಿಷ್, ಅದರಲ್ಲೂ ಸ್ಪ್ರೇ, ಒಳಗೇ ಮಂಜು ಕವಿದ ಹಾಗೆ ಬೆಳ್ಳಗಾಗುತ್ತದೆ.

ಹುಟ್ಟುಹಬ್ಬ ಯಾವ ತಿಂಗಳು ಅಂತ ನೀವು ಬರೆದಿಲ್ಲ. ಜುಲೈ, ಆಗಸ್ಟ್ ಆಗಿದ್ದರೆ ವಾರ್ನಿಷ್ ಇಲ್ಲದೇ ಕೊಟ್ಟುಬಿಡಿ. ದೀಪಾವಳಿ ಕಳೆದು ಒಣ ಗಾಳಿ ಶುರುವಾದ ಮೇಲೆ ಒಂದು ವಾರಕ್ಕೆ ಅಂತ ವಾಪಸ್ ಇಸ್ಕೊಂಡು ಹಚ್ಚಿ. ಹಚ್ಚುವ ಮುಂಚೆ ಹಿಂಭಾಗ ಒಮ್ಮೆ ತಿರುಗಿಸಿ ನೋಡಿಕೊಳ್ಳಿ, ಅಷ್ಟರಲ್ಲಿ ಅವನೂ ಅಲ್ಲಿ ಏನಾದರೂ ಬರೆದಿರುತ್ತಾನೆ.